ಜಿಲೇಬಿ ಮೀನು: ಹೊಂಡಕ್ಕೆ ಸೇರಿಸುವ ಮುನ್ನ

ನಾವು ಜಿಲೇಬಿ ಎಂದು ಕರೆಯುವ ಮೊಸಾಂಬಿಕ್ ತಿಲಾಪಿಯಾ ಮೀನಿನ ತವರು ಆಫ್ರಿಕಾದ ಆಗ್ನೇಯ ಭಾಗ. ಜಾಂಬೆಜಿ ನದಿಯ ಕೆಳಪಾತ್ರದ ಕಡೆ. ಅದು ಭಾರತಕ್ಕೆ ಬಂದದ್ದು 1952ರಲ್ಲಿ.

ಇದರ ಸಂತಾನದ ಬಗೆ ಕೇಳಿ. ಗಂಡುಮೀನು ತಳದಲ್ಲಿ ಗುಂಡಿ ತೋಡುತ್ತದೆ. ಹೆಣ್ಣು ಅಲ್ಲಿ ಮೊಟ್ಟೆಯಿಟ್ಟು, ಕೂಡಲೇ ಬಾಯೊಳಗೆ ತುಂಬಿಕೊಳ್ಳುತ್ತದೆ. ಮರಿಗಳು ಈಜುವಷ್ಟು ಬಲಿಯುವವರೆಗೆ ಬಾಯಲ್ಲೇ ಕಾವಲು. ತಾಯಿಗೆ ಬಹುಮಟ್ಟಿಗೆ ಉಪವಾಸ. ಹೊರಬಿಟ್ಟ ಮೇಲೂ ಅಪಾಯ ಕಂಡರೆ ಮರಿಗಳು ತಾಯ ಬಾಯಿಗೇ ಓಡುತ್ತವೆ. ಹೀಗಾಗಿ ಬದುಕುವ ಮರಿಗಳೇ ಹೆಚ್ಚು.

ಎರಡು ಮೂರು ತಿಂಗಳಿಗೇ ಆ ಮರಿಯೂ ತಾಯಾಗುತ್ತದೆ. ಕಾಟ್ಲ, ರೋಹು ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ, ಇದು ಮಾಡುತ್ತದೆ. "ಮೀನು ಹೆಚ್ಚಿದರೆ ಲಾಭವಲ್ಲವೇ ಸ್ವಾಮಿ?" ಅಂತೀರಿ. ಅಲ್ಲ. ಮೇವು ಅಷ್ಟೇ, ತಿನ್ನುವ ಬಾಯಿ ನೂರಾರು. ಬಹಳಷ್ಟು ಬೆರಳುದ್ದಕ್ಕೇ ನಿಂತುಬಿಡುತ್ತವೆ. ದುಡ್ಡು ಕೊಟ್ಟು ತಂದ ಕಾಟ್ಲವೂ ಬಡವಾಗುತ್ತದೆ.

ಆದುದರಿಂದ ಬೇಸಗೆಯಲ್ಲಿ ಹೊಂಡ ಬತ್ತಿಸಿ, ತಳ ಬಿರುಕು ಬಿಡುವಂತೆ ಒಣಗಿಸಿ. ನೀರು ಬರುವ ಕಡೆ ಸಣ್ಣ ಕಣ್ಣಿನ ಬಲೆ ಕಟ್ಟಿ. ಸಿಕ್ಕಿದ ಜಿಲೇಬಿಯನ್ನು, ಚಿಕ್ಕದೆಂದು ಮರಳಿ ನೀರಿಗೆ ಬಿಡಬೇಡಿ, ಅಡಿಗೆಮನೆಗೆ ಒಯ್ಯಿರಿ. ಸಾರಿಗೆ ಅದು ಚೆನ್ನ, ಹೊಂಡಕ್ಕಲ್ಲ.