ರಾಜ್ಯಗಳ ಮುಂಗಡಪತ್ರ: ಕೆಲವೆಡೆ ಕೊರತೆ ಹೆಚ್ಚು ಏಕೆ?



ಫೆಬ್ರವರಿ, ಮಾರ್ಚ್ ತಿಂಗಳು ಬಂತೆಂದರೆ ರಾಜ್ಯಗಳ ಮುಂಗಡಪತ್ರಗಳ ಸುದ್ದಿ ಶುರುವಾಗುತ್ತದೆ. ಇಷ್ಟು ಸಾವಿರ ಕೋಟಿ ರೂಪಾಯಿ ಕೊರತೆ ಎಂದು ಓದುತ್ತೀರಿ, ಪುಟ ತಿರುಗಿಸುತ್ತೀರಿ. ಆದರೆ ನಿಮ್ಮ ಊರಿನ ಶಾಲೆಗೆ ಶಿಕ್ಷಕರು ನೇಮಕವಾಗುವುದು, ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಸಿಗುವುದು, ಅರ್ಧಕ್ಕೆ ನಿಂತ ಸೇತುವೆ ಪೂರ್ಣಗೊಳ್ಳುವುದು ಎಲ್ಲವೂ ಆ ಕೊರತೆಗೆ ಸಂಬಂಧಪಟ್ಟ ವಿಷಯಗಳೇ. ಹಾಗಾದರೆ ಈ ಕೊರತೆ ಒಂದು ರಾಜ್ಯದಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಇರಲು ಕಾರಣವೇನು?

ಮೊದಲು ಕೊರತೆಯಲ್ಲಿ ಎರಡು ಬಗೆಯಿದೆ ಎಂಬುದನ್ನು ತಿಳಿಯೋಣ. ಸಂಬಳ, ಪಿಂಚಣಿ, ಬಡ್ಡಿ, ಸಹಾಯಧನಗಳಂತಹ ದಿನನಿತ್ಯದ ವೆಚ್ಚಕ್ಕೇ ವರ್ಷದ ಆದಾಯ ಸಾಲದೆ ಹೋದರೆ ಅದು ರಾಜಸ್ವ ಕೊರತೆ. ಇವುಗಳ ಜೊತೆಗೆ ರಸ್ತೆ, ಅಣೆಕಟ್ಟು, ಕಟ್ಟಡಗಳ ವೆಚ್ಚವನ್ನೂ ಸೇರಿಸಿ, ಒಟ್ಟಾರೆ ಸಾಲದಿಂದ ತುಂಬಬೇಕಾದ ಮೊತ್ತವೇ ವಿತ್ತೀಯ ಕೊರತೆ. ಬಾವಿ ತೋಡಿಸಲು ಸಾಲ ಮಾಡುವುದಕ್ಕೂ ದಿನಸಿ ಅಂಗಡಿಯ ಬಾಕಿ ತೀರಿಸಲು ಸಾಲ ಮಾಡುವುದಕ್ಕೂ ವ್ಯತ್ಯಾಸವಿದೆಯಲ್ಲವೇ? ಇಲ್ಲಿಯೂ ಹಾಗೆಯೇ.

ಈಗ ಒಂದು ಸೋಜಿಗದ ಸಂಗತಿಯನ್ನು ಗಮನಿಸಿ. 2025ರ ಜನವರಿಯಲ್ಲಿ ನೀತಿ ಆಯೋಗವು 18 ಪ್ರಮುಖ ರಾಜ್ಯಗಳ ಹಣಕಾಸಿನ ಆರೋಗ್ಯವನ್ನು ಅಳೆದು ಒಂದು ಪಟ್ಟಿ ಪ್ರಕಟಿಸಿತು. 2022–23ರ ಲೆಕ್ಕಗಳನ್ನು ಆಧರಿಸಿದ ಈ ಪಟ್ಟಿಯಲ್ಲಿ ಮೊದಲ ಸ್ಥಾನ ಒಡಿಶಾದ್ದು. ಕೊನೆಯ ಸ್ಥಾನ ಪಂಜಾಬಿನದು. ಪಂಜಾಬ್ ದೇಶಕ್ಕೇ ಅನ್ನ ನೀಡಿದ ನಾಡು. ಅಲ್ಲಿನ ತಲಾ ಆದಾಯ ಒಡಿಶಾದ್ದಕ್ಕಿಂತ ಹೆಚ್ಚು. ಹಾಗಿದ್ದೂ ಬಡ ರಾಜ್ಯದ ಬೊಕ್ಕಸ ಗಟ್ಟಿ, ಅನುಕೂಲಸ್ಥ ರಾಜ್ಯದ ಬೊಕ್ಕಸ ಬರಿದು. ಜನರ ಸಿರಿವಂತಿಕೆ ಬೇರೆ, ಸರ್ಕಾರದ ಸಿರಿವಂತಿಕೆ ಬೇರೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಪಂಜಾಬಿನ ಹೊರೆ ಒಂದೇ ದಿನದಲ್ಲಿ ಬಂದದ್ದಲ್ಲ. ಉಗ್ರವಾದದ ವರ್ಷಗಳಲ್ಲಿ ಭದ್ರತೆಗಾಗಿ ಮಾಡಿದ ಸಾಲ ಅದರ ಒಂದು ಬೇರು. 1997ರಲ್ಲಿ ರೈತರ ಪಂಪ್‌ಸೆಟ್ಟುಗಳಿಗೆ ಉಚಿತ ವಿದ್ಯುತ್ ಆರಂಭವಾಯಿತು. 2022ರ ಜುಲೈಯಿಂದ ಮನೆಗಳಿಗೆ ತಿಂಗಳಿಗೆ 300 ಯೂನಿಟ್ ಉಚಿತವೆಂಬ ಯೋಜನೆಯೂ ಸೇರಿಕೊಂಡಿತು. ಇತ್ತ ಆದಾಯದ ಕಡೆ, ಗೋಧಿ ಮತ್ತು ಭತ್ತದ ಖರೀದಿಯ ಮೇಲೆ ರಾಜ್ಯಕ್ಕೆ ಬರುತ್ತಿದ್ದ ತೆರಿಗೆ 2017ರ ಜುಲೈ 1ರಂದು ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯಲ್ಲಿ ಲೀನವಾಯಿತು. ಆ ನಷ್ಟಕ್ಕೆ ಕೇಂದ್ರ ಕೊಡುತ್ತಿದ್ದ ಪರಿಹಾರದ ಅವಧಿ 2022ರ ಜೂನ್‌ಗೆ ಮುಗಿಯಿತು. ಹಳೆಯ ಸಾಲದ ಬಡ್ಡಿಗೆಂದೇ ರಾಜ್ಯದ ಆದಾಯದ ಸುಮಾರು ಐದನೇ ಒಂದು ಭಾಗ ಹೋಗುತ್ತದೆ. ಬಡ್ಡಿ ಕಟ್ಟಲು ಮತ್ತೆ ಸಾಲ ಮಾಡುವ ಸ್ಥಿತಿ ಇದು.

ಒಡಿಶಾ ಕೂಡ ಈ ಶತಮಾನದ ಆರಂಭದಲ್ಲಿ ಸಾಲದಲ್ಲಿ ಮುಳುಗಿತ್ತು. 1999ರ ಅಕ್ಟೋಬರಿನ ಮಹಾ ಚಂಡಮಾರುತ ಅದರ ಮೇಲೊಂದು ಪೆಟ್ಟು. ಅಲ್ಲಿನ ಸರ್ಕಾರ ನೇಮಕಾತಿಯನ್ನು ಬಿಗಿಗೊಳಿಸಿ ವೆಚ್ಚವನ್ನು ಹಿಡಿತಕ್ಕೆ ತಂದಿತು. 2005–06ರ ಹೊತ್ತಿಗೆ ರಾಜಸ್ವ ಖಾತೆಯಲ್ಲಿ ಉಳಿತಾಯ ಕಂಡಿತು. ಅದೃಷ್ಟವೂ ಕೈಹಿಡಿಯಿತು. 2009ರಲ್ಲಿ ಕಬ್ಬಿಣದ ಅದಿರಿನ ರಾಜಧನವನ್ನು ಟನ್ನಿಗೆ ಇಂತಿಷ್ಟು ಎನ್ನುವ ಬದಲು ಬೆಲೆಯ ಶೇಕಡಾವಾರು ಲೆಕ್ಕದಲ್ಲಿ ವಿಧಿಸುವ ಪದ್ಧತಿ ಬಂದಿತು. ಆದರೆ ಕೊರತೆ ಇಲ್ಲವೆಂದ ಮಾತ್ರಕ್ಕೆ ಅಲ್ಲಿ ಬಡತನ ಇಲ್ಲವೆಂದು ತಿಳಿಯಬಾರದು. ಅದಿರಿನ ಬೆಲೆ ಕುಸಿದರೆ ಆದಾಯವೂ ಕುಸಿಯುತ್ತದೆ ಎಂಬುದನ್ನೂ ಮರೆಯಬಾರದು.

ಕೇರಳದ ಕಥೆ ಬೇರೆ. ಶಾಲೆ, ಆಸ್ಪತ್ರೆಗಳಿಗೆ ಮೊದಲಿನಿಂದಲೂ ಧಾರಾಳವಾಗಿ ಖರ್ಚು ಮಾಡಿದ ರಾಜ್ಯವದು. ಅದರ ಫಲವಾಗಿ ಜನರ ಆಯುಷ್ಯ ಹೆಚ್ಚಿತು. ಜೊತೆಗೆ ಪಿಂಚಣಿಯ ಹೊರೆಯೂ ಬೆಳೆಯಿತು. ಕೊಲ್ಲಿ ರಾಷ್ಟ್ರಗಳಿಂದ ಮನೆಗಳಿಗೆ ಬರುವ ಹಣದ ಮೇಲೆ ರಾಜ್ಯ ನೇರವಾಗಿ ತೆರಿಗೆ ಹಾಕುವಂತಿಲ್ಲ. ಸಾಲದ ಮಿತಿಯ ವಿಷಯದಲ್ಲಿ ಕೇಂದ್ರದ ವಿರುದ್ಧ 2023ರಲ್ಲಿ ಕೇರಳ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. 2024ರ ಏಪ್ರಿಲ್ 1ರಂದು ನ್ಯಾಯಾಲಯ ಈ ಪ್ರಶ್ನೆಯನ್ನು ಸಂವಿಧಾನ ಪೀಠಕ್ಕೆ ಒಪ್ಪಿಸಿತು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತೇವೆ. ಆದರೆ ರಾಜ್ಯಗಳ ಹಾಸಿಗೆಯ ಉದ್ದವನ್ನು ಒಂದಿಷ್ಟು ದೆಹಲಿಯೂ ನಿರ್ಧರಿಸುತ್ತದೆ. ಸಂವಿಧಾನದ 280ನೇ ವಿಧಿಯಂತೆ ರಚನೆಯಾಗುವ ಹಣಕಾಸು ಆಯೋಗ ಕೇಂದ್ರ ತೆರಿಗೆಗಳ ಪಾಲನ್ನು ಹಂಚುತ್ತದೆ. 14ನೇ ಆಯೋಗದ ಕಾಲದಲ್ಲಿ ರಾಜ್ಯಗಳ ಪಾಲಿನಲ್ಲಿ ಕರ್ನಾಟಕಕ್ಕೆ ಶೇ. 4.713 ಸಿಗುತ್ತಿತ್ತು, 15ನೇ ಆಯೋಗ 2021–26ರ ಅವಧಿಗೆ ಅದನ್ನು ಶೇ. 3.647ಕ್ಕೆ ಇಳಿಸಿತು. ತಲಾ ಆದಾಯ ಕಡಿಮೆ ಇರುವ ರಾಜ್ಯಕ್ಕೆ ಹೆಚ್ಚು ಕೊಡಬೇಕೆಂಬ ಅಂಶಕ್ಕೆ ಸೂತ್ರದಲ್ಲಿ ಶೇ. 45ರಷ್ಟು ತೂಕವಿತ್ತು. ಬಡ ರಾಜ್ಯಗಳಿಗೆ ಇದು ನ್ಯಾಯ. ದುಡಿದು ಮುಂದೆ ಬಂದ ರಾಜ್ಯಗಳಿಗೆ ಇದು ಚಿಂತೆ. ಸಾಲದೆಂಬಂತೆ, ಕೇಂದ್ರ ವಿಧಿಸುವ ಸೆಸ್ ಮತ್ತು ಸರ್‌ಚಾರ್ಜುಗಳಲ್ಲಿ ರಾಜ್ಯಗಳಿಗೆ ಪಾಲಿಲ್ಲ.

ನಮ್ಮ ಕರ್ನಾಟಕ 2002ರಲ್ಲಿ ವಿತ್ತೀಯ ಹೊಣೆಗಾರಿಕೆ ಕಾಯ್ದೆಯನ್ನು ರೂಪಿಸಿ ದೇಶಕ್ಕೇ ಮೊದಲಿಗನಾಯಿತು. 2004–05ರಿಂದ ಹಲವು ವರ್ಷ ರಾಜಸ್ವ ಉಳಿತಾಯವನ್ನೂ ಕಾಯ್ದುಕೊಂಡಿತು. ಆದರೆ 2025–26ರ ಮುಂಗಡಪತ್ರ 19,262 ಕೋಟಿ ರೂಪಾಯಿಗಳ ರಾಜಸ್ವ ಕೊರತೆಯನ್ನು ಅಂದಾಜಿಸಿತು. ಅದೇ ವರ್ಷ ಗ್ಯಾರಂಟಿ ಯೋಜನೆಗಳಿಗೆ 51,034 ಕೋಟಿ ರೂಪಾಯಿ ಮೀಸಲಾಯಿತು. ಬಡ ಮನೆಯ ಗೃಹಿಣಿಯ ಕೈಗೆ ತಿಂಗಳಿಗೆ ಎರಡು ಸಾವಿರ ರೂಪಾಯಿ ಸೇರುವುದು ಪೋಲು ಎನ್ನುವುದು ಸರಿಯಲ್ಲ. ಆದರೆ ಪ್ರತಿ ವರ್ಷ ಬರುವ ಖರ್ಚಿಗೆ ಪ್ರತಿ ವರ್ಷ ಬರುವ ಆದಾಯವೇ ಆಧಾರವಾಗಬೇಕು. ಸಾಲ ಆಧಾರವಾದರೆ ಅದನ್ನು ತೀರಿಸುವವರು ಆ ಗೃಹಿಣಿಯ ಮಕ್ಕಳೇ.

ಆದ್ದರಿಂದ ಮುಂದಿನ ಬಾರಿ ಮುಂಗಡಪತ್ರದ ಸುದ್ದಿ ಓದುವಾಗ ಕೊರತೆ ಎಷ್ಟು ಎಂಬಲ್ಲಿಗೇ ನಿಲ್ಲಬೇಡಿ. ಸಾಲದ ಹಣ ಯಾವುದಕ್ಕೆ ಹೋಗುತ್ತಿದೆ? ಆದಾಯದಲ್ಲಿ ಬಡ್ಡಿ, ಸಂಬಳ, ಪಿಂಚಣಿ ಕಳೆದು ಉಳಿಯುವುದೆಷ್ಟು? ರಾಜ್ಯ ತಾನೇ ಗಳಿಸುವ ತೆರಿಗೆ ಬೆಳೆಯುತ್ತಿದೆಯೇ? ಈ ಮೂರು ಪ್ರಶ್ನೆಗಳನ್ನು ನಿಮ್ಮ ಶಾಸಕರಿಗೂ ಕೇಳಿ. ಕೊರತೆ ತುಂಬುವ ಹಣ ಕೊನೆಗೆ ಹೋಗುವುದು ನಿಮ್ಮ ಜೇಬಿನಿಂದಲೇ. ಆದ್ದರಿಂದ ಕೇಳುವ ಹಕ್ಕೂ ನಿಮ್ಮದೇ.