ಟೋನರ್ ಹಚ್ಚಿದಾಗ ಆಗುವುದೇನು?



ಮುಖ ತೊಳೆದು, ಹತ್ತಿಯಲ್ಲಿ ಟೋನರ್ ಅದ್ದಿ ಒರೆಸಿಕೊಂಡರೆ ತಣ್ಣಗೆ, ಚರ್ಮ ಬಿಗಿದಂತೆ ಅನ್ನಿಸುತ್ತದೆ. ರಂಧ್ರಗಳು ಮುಚ್ಚಿಕೊಂಡವು ಎಂದು ಗೆಳತಿಯರು ಹೇಳಿರಬಹುದು. ಆದರೆ ಚರ್ಮದ ರಂಧ್ರಗಳಿಗೆ ತೆರೆದು ಮುಚ್ಚುವ ಸ್ನಾಯುಗಳೇ ಇಲ್ಲ. ಕೆಲವು ಟೋನರುಗಳಲ್ಲಿರುವ ಆಲ್ಕೊಹಾಲ್ ಆವಿಯಾಗುವಾಗ ಚರ್ಮದ ಶಾಖವನ್ನು ಹೀರಿಕೊಳ್ಳುತ್ತದೆ. ಇಂಜೆಕ್ಷನ್ನಿಗೆ ಮೊದಲು ನರ್ಸ್ ಸ್ಪಿರಿಟ್ ಒರೆಸಿದಾಗಲೂ ಇದೇ ತಂಪು! ಜೊತೆಗೆ ಅದು ಚರ್ಮದ ಎಣ್ಣೆಯನ್ನೂ ತೆಗೆದುಬಿಡುತ್ತದೆ. ಬಿಗಿ ಎಂದು ನಾವು ಮೆಚ್ಚುವುದು ಒಣಗಿದ ಚರ್ಮವನ್ನು.

ಹಾಗಾದರೆ ಟೋನರಿನ ಕೆಲಸವೇನು? ಉತ್ತರ ಸೋಪಿನಲ್ಲಿದೆ. ಪ್ರಯೋಗಶಾಲೆಯ ಕೆಂಪು ಲಿಟ್ಮಸ್ ಕಾಗದವನ್ನು ಸೋಪಿನ ನೊರೆಗೆ ತಾಗಿಸಿ ನೋಡಿ, ನೀಲಿಯಾಗುತ್ತದೆ. ಸಾಮಾನ್ಯ ಸೋಪಿನ ಪಿ.ಹೆಚ್. 9ರಿಂದ 10, ಆರೋಗ್ಯವಂತ ಚರ್ಮದ ಹೊರಮೈಯದು ಸುಮಾರು 5. ಈ ಅಳತೆಯಲ್ಲಿ ಒಂದು ಅಂಕಿ ಎಂದರೆ ಹತ್ತು ಪಟ್ಟು, ನಾಲ್ಕು ಅಂಕಿ ಎಂದರೆ ಹತ್ತು ಸಾವಿರ ಪಟ್ಟು ವ್ಯತ್ಯಾಸ. ಚರ್ಮದ ಈ ಆಮ್ಲೀಯ ಗುಣವನ್ನು 1928ರಲ್ಲಿ ಜರ್ಮನಿಯ ಶಾಡೆ ಮತ್ತು ಮಾರ್ಕಿಯೋನಿನಿ ಎಂಬ ವೈದ್ಯರು ‘ಆಮ್ಲದ ಹೊದಿಕೆ’ ಎಂದು ಕರೆದರು. ಇನ್ನು ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಸೋಪು ಕ್ಯಾಲ್ಸಿಯಂ ಜೊತೆ ಸೇರಿ ಬಿಳಿ ಗಷ್ಟಾಗುತ್ತದೆ. ಬಕೆಟ್ಟಿನ ಅಂಚಿನಲ್ಲಿ ನೀವು ಕಂಡಿರುತ್ತೀರಿ. ಅದು ಮುಖದ ಮೇಲೂ ಉಳಿಯುತ್ತದೆ. ಇದನ್ನು ಒರೆಸಿ ತೆಗೆಯುವುದಕ್ಕೆ, ಆಮ್ಲೀಯತೆ ಮರಳಿಸುವುದಕ್ಕೆ ಟೋನರ್ ಒದಗುತ್ತದೆ. ಸ್ಟುಡಿಯೋದಲ್ಲಿ ಮೇಕಪ್ ತೆಗೆದ ಕ್ರೀಮಿನ ಜಿಡ್ಡನ್ನು ಒರೆಸಲು ಕಲಾವಿದರು ಬಳಸುವುದೂ ಉಂಟು, ಅದಕ್ಕೆ ಅರ್ಥವಿದೆ. ಆದರೆ ಚರ್ಮ ಕೆಲವು ಗಂಟೆಗಳಲ್ಲಿ ತನ್ನ ಆಮ್ಲೀಯತೆಯನ್ನು ತಾನೇ ಮರಳಿ ಪಡೆಯುತ್ತದೆ. ಸೌಮ್ಯವಾದ ಫೇಸ್‌ವಾಶ್ ಬಳಸುವವರಿಗಂತೂ ಟೋನರ್ ಕಡ್ಡಾಯವಲ್ಲ.

ಮೊಡವೆಯ ಮಾತು ಬೇರೆ. ಸ್ಯಾಲಿಸಿಲಿಕ್ ಆಮ್ಲ ಎಣ್ಣೆಯಲ್ಲಿ ಕರಗುವುದರಿಂದ ಜಿಡ್ಡು ತುಂಬಿದ ರಂಧ್ರದೊಳಕ್ಕೆ ಇಳಿಯಬಲ್ಲದು. ಶೇಕಡಾ 0.5ರಿಂದ 2ರಷ್ಟು ಅದಿರುವ ಟೋನರ್ ಕಪ್ಪುತಲೆಯ ಸಣ್ಣ ಮೊಡವೆಗಳಿಗೆ ನೆರವಾಗುತ್ತದೆ. ಬಾಟಲಿಯ ಮುಂದಿನ ಚಿತ್ರವನ್ನಲ್ಲ, ಹಿಂದಿನ ಸಣ್ಣ ಅಕ್ಷರಗಳನ್ನು ಓದಿ. ದಿನಕ್ಕೊಮ್ಮೆ ಸಾಕು; ಉರಿದರೆ ನಿಲ್ಲಿಸಿ. ಗುಲಾಬಿ ಜಲ ಹಿತವೆನಿಸಬಹುದು, ಮೊಡವೆಗೆ ಮದ್ದಲ್ಲ. ನಿಂಬೆರಸವನ್ನಂತೂ ಹಚ್ಚಲೇಬೇಡಿ. ಅದರ ಪಿ.ಹೆಚ್. ಸುಮಾರು 2; ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗಿ ಕಪ್ಪು ಕಲೆ ಉಳಿಯಬಹುದು.

ಗಂಟುಗಂಟಾಗಿ ನೋಯುವ ಮೊಡವೆಗಳಿದ್ದರೆ ಯಾವ ಟೋನರಿಗೂ ದುಡ್ಡು ಸುರಿಯಬೇಡಿ. ಮನೆಯಲ್ಲಿ ಹೇಳಿ, ಚರ್ಮವೈದ್ಯರನ್ನು ಕಾಣಿ. ತಡವಾದರೆ ಕೆನ್ನೆಯ ಮೇಲೆ ಗುಳಿಗಳು ಉಳಿದುಬಿಡುತ್ತವೆ.