ಗುಮಾಸ್ತನ ಮೇಜಿನ ಮುಂದೆ



ಗಿರಣಿ ಕೂಲಿಗಾರನಿಗೆ ಮಗಳ ಓದಿಗಾಗಿ ತಾಲ್ಲೂಕು ಕಚೇರಿಯ ಆದಾಯ ಪತ್ರ ಬೇಕು. ಅಂಗಡಿಕಾರನಿಗೆ ಪುರಸಭೆಯ ಪರವಾನಗಿ ಬೇಕು. ಇಬ್ಬರೂ ಗುಮಾಸ್ತನ ಮುಂದೆ ಕೈಮುಗಿದು ನಿಲ್ಲುತ್ತಾರೆ. ಅವನ ಕೆಲಸವೇನೆಂದು ತಿಳಿದರೆ ಕೈಮುಗಿಯಬೇಕಾಗಿಲ್ಲ.

ಬಂದ ಅರ್ಜಿಯನ್ನು ಆವಕದಲ್ಲಿ ದಾಖಲಿಸಿ ಸಂಖ್ಯೆ ಕೊಡುವುದು, ಕಡತಕ್ಕೆ ಸೇರಿಸುವುದು, ನಿಯಮ ನೋಡಿ ಟಿಪ್ಪಣಿ ಬರೆಯುವುದು, ಉತ್ತರದ ಕರಡು ಮಾಡುವುದು, ಸಹಿಯಾದ ಮೇಲೆ ಜಾವಕದಲ್ಲಿ ಬರೆದು ಕಳಿಸುವುದು ಅವನ ಕರ್ತವ್ಯ. ವಹಿಯ ಜಾಗಕ್ಕೆ ಗಣಕಯಂತ್ರ ಬಂದರೂ ಕರ್ತವ್ಯ ಬದಲಾಗಿಲ್ಲ. ಮಂಜೂರು ಮಾಡುವ ಅಧಿಕಾರ ಅವನದಲ್ಲ. ಕಾಗದ ತಡೆದು ಕೂರುವ ಅಧಿಕಾರವೂ ಅವನಿಗಿಲ್ಲ.

ಆದ್ದರಿಂದ ಸ್ವೀಕೃತಿ ಪಡೆಯದೆ ಅರ್ಜಿ ಕೊಟ್ಟು ಬರಬೇಡಿ. 2011ರ ಸಕಾಲ ಕಾಯಿದೆಗೆ ಸೇರಿದ ಸೇವೆಯಾದರೆ, ಗಡುವು ಮೀರಿದಾಗ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕು ನಮಗಿದೆ. 2005ರ ಮಾಹಿತಿ ಹಕ್ಕು ಕಾಯಿದೆಯಡಿ ಕಡತದ ಗತಿ ಕೇಳಿದರೆ 30 ದಿನದೊಳಗೆ ಉತ್ತರ ಬರಬೇಕು.

ಗುಮಾಸ್ತ ನಮ್ಮ ಶತ್ರುವಲ್ಲ. ಅವನೂ ಸಂಬಳಕ್ಕೆ ದುಡಿಯುವವನೇ. ಲಂಚಕ್ಕೆ ಕೈ ಚಾಚಿದರೆ ಬಿಡಬಾರದು. ಖಾಲಿ ಹುದ್ದೆ ತುಂಬದೆ ಮೂವರ ಕೆಲಸ ಒಬ್ಬನ ತಲೆಗೆ ಕಟ್ಟಿದರೆ ಅವನ ಜೊತೆ ನಿಲ್ಲಬೇಕು. ನಮ್ಮ ಮಕ್ಕಳೂ ತಪ್ಪಿಲ್ಲದ ಕನ್ನಡ, ಲೆಕ್ಕ, ಬೆರಳಚ್ಚು, ಗಣಕಯಂತ್ರ ಕಲಿತು ಆ ಕುರ್ಚಿಯಲ್ಲಿ ಕೂರಲಿ. ಬಂದವರನ್ನು ಕೂರಿಸಿ ಮಾತಾಡಲಿ.